ಇಟ್ಟಿಗೆಗೆ ತೆರೆದ ಕಿಟಕಿ

ಓಟೀಲಿಯಮ್ಮ ತೀರಿಕೊಂಡ ಸುದ್ದಿಯನ್ನು ಯಾರೂ ಬಂದು ಹೇಳಲಿಲ್ಲ. ನವೆಂಬರಿನ ಒಂದು ಬುಧವಾರ ಬೆಳಿಗ್ಗೆ ಜಡಿಮಳೆ ಸುರಿಯುತ್ತಿರುವಾಗ ಅವರ ಮನೆಯ ಬೀದಿ ಕಡೆಯ ಕಿಟಕಿ ಪೂರ್ತಿ ತೆರೆದುಕೊಂಡಿತ್ತು. ಬಿಳಿಯ ಪರದೆ ಹೊರಗೆ ಬಿದ್ದು, ನೆನೆದು, ಗೋಡೆಗೆ ಅಂಟಿಕೊಂಡಿತ್ತು. ಅದನ್ನು ಮೊದಲು ನೋಡಿದವಳು ಎದುರಿನ ಬೇಕರಿಯ ಹೆಂಗಸು. ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟು ಎದೆಯ ಮೇಲೆ ಕೈ ಇಟ್ಟುಕೊಂಡಳಂತೆ. ನಮ್ಮ ಬೀದಿಯ ಹಳಬರಲ್ಲಿ ಯಾರಾದರೂ ಪ್ರಾಣ ಬಿಟ್ಟೊಡನೆ ಕಿಟಕಿ ತೆರೆಯುತ್ತಾರೆ, ಹೋಗುವ ಜೀವಕ್ಕೆ ದಾರಿ ಬೇಕಲ್ಲ. ನವೆಂಬರಿನ ಮಳೆಯಲ್ಲಿ ತೆರೆದಿರುವ ಕಿಟಕಿಗೆ ಬರ್ಲಿನ್ನಿನಲ್ಲಿ ಬೇರೆ ಅರ್ಥವಿಲ್ಲ.

ಅವಳು ಓಡಿಬಂದು ನನ್ನನ್ನು ಕರೆದಳು. ನಾನು ಹೈನೋ, ಬೀದಿಯ ತುದಿಯಲ್ಲಿರುವ ಚರ್ಚಿನ ಗಂಟೆ ಬಾರಿಸುವವನು. ಮೆಟ್ಟಿಲು ಹತ್ತಿ ಹೋದೆ. ಬಾಗಿಲು ಒಳಗಿನಿಂದ ಭದ್ರವಾಗಿತ್ತು, ಸರಪಳಿಯೂ ಹಾಕಿತ್ತು. ಬೀಗದವನು ಬಂದು ಸರಪಳಿ ಕತ್ತರಿಸಿದ ಮೇಲೆಯೇ ಒಳಗೆ ಕಾಲಿಡಲು ಆದದ್ದು.

ಒಳಗೆ ಕಂಡದ್ದನ್ನು ಈಗಲೇ ಹೇಳಿದರೆ ನಿಮಗೆ ಅರ್ಥವಾಗಲಾರದು. ಅದಕ್ಕಿಂತ ಮೊದಲು, ಎರಡು ವರ್ಷದ ಹಿಂದೆ ಅವರು ನಮಗೆ ಹೇಳಿದ ಕತೆಯನ್ನು ಹೇಳಬೇಕು.

ಅಂದು ಮಡಿದವರ ಭಾನುವಾರ. ಪ್ರತಿ ವರ್ಷ ನವೆಂಬರಿನ ಕೊನೆಯಲ್ಲಿ, ಆ ವರ್ಷ ಸತ್ತವರ ಹೆಸರುಗಳನ್ನು ಪಾದ್ರಿಗಳು ಪೀಠದಿಂದ ಒಂದೊಂದಾಗಿ ಓದುತ್ತಾರೆ, ಹೆಸರಿಗೊಂದು ಮೇಣದ ಬತ್ತಿ ಹಚ್ಚುತ್ತೇವೆ. ಮಧ್ಯಾಹ್ನದ ಆರಾಧನೆ ಮುಗಿಯುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಮನೆಗೆ ಹೋಗಲಾರದ ಹತ್ತಾರು ಮಂದಿ ಚರ್ಚಿನ ಹಿಂದಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ, ಬೆಣ್ಣೆ ಕೇಕು ತಿನ್ನುತ್ತ ಕುಳಿತಿದ್ದೆವು. ನಾಲ್ಕು ಗಂಟೆಗೇ ಕತ್ತಲಾಗಿತ್ತು. ನಮ್ಮಲ್ಲಿ ಅರ್ಧ ಮಂದಿ ಹಳೆಯ ಪಶ್ಚಿಮ ಬರ್ಲಿನ್ನಿನವರು, ಅರ್ಧ ಮಂದಿ ಹಳೆಯ ಪೂರ್ವದವರು. ಊರನ್ನು ಎರಡು ಮಾಡಿದ್ದ ಗೋಡೆ ಬಿದ್ದು ಎಷ್ಟೋ ವರ್ಷವಾದರೂ ಬೆಂಚುಗಳ ಮೇಲೆ ಕೂರುವಾಗ ಮಾತ್ರ ನಮ್ಮ ಕಾಲುಗಳಿಗೆ ಅದು ಇನ್ನೂ ನೆನಪಿರುತ್ತದೆ, ಅವರು ಒಂದು ಬದಿ, ನಾವು ಒಂದು ಬದಿ.

ಕಿಟಕಿಯ ಗಾಜಿಗೆ ಮಳೆ ಬಡಿಯುತ್ತಿತ್ತು. ಯಾರೋ ದೆವ್ವದ ಮಾತು ತೆಗೆದರು. ಪೂರ್ವದ ಟ್ರಾಮಿನಲ್ಲಿ ಕಂಡಕ್ಟರಾಗಿದ್ದ ಎಗೋನ್ ಪೈಪು ಹಚ್ಚುತ್ತ, "ದೆವ್ವ ಗಿವ್ವ ಎಲ್ಲ ನಿಮ್ಮ ಕಡೆ. ನಮ್ಮ ಕಡೆ ದೆವ್ವಕ್ಕೆ ಪರವಾನಗಿ ಕೊಡ್ತಿರಲಿಲ್ಲ," ಎಂದ.

"ಕೊಟ್ಟಿದ್ರೂ ಉಳೀತಿತ್ತಾ? ಅದೂ ಇತ್ಲಾಗೆ ಓಡಿಬರ್ತಿತ್ತು," ಎಂದಳು ಬೇಕರಿಯ ಹೆಂಗಸು.

ಎಲ್ಲರೂ ನಕ್ಕರು. ಮೂಲೆಯಲ್ಲಿ ಒಲೆಯ ಪಕ್ಕ ಕೂತಿದ್ದ ಓಟೀಲಿಯಮ್ಮ ಮಾತ್ರ ನಗಲಿಲ್ಲ. ಕಪ್ಪಿನ ತಳದಲ್ಲಿದ್ದ ಕಾಫಿಯನ್ನು ನೋಡುತ್ತ, "ಎಲ್ಲಾ ಓಡಿಬರಲಿಲ್ಲ ಎಗೋನ್," ಎಂದರು. "ಒಂದು ಬರಕ್ಕಾಗದೆ ಅಲ್ಲೇ ಉಳೀತು. ಇವತ್ತು ಹೇಳ್ತೀನಿ. ಮಳೆ ನಿಲ್ಲೋ ಹಾಗೆ ಕಾಣಲ್ಲ, ನಾನೂ ಇನ್ನೆಷ್ಟು ಮಳೆ ನೋಡ್ತೀನೋ..."

ಅವರು ಹೇಳಿದ್ದು ಇದು.

"ನಮ್ಮಮ್ಮನ ಹೆಸರು ಔಗುಸ್ಟೆ. ಈ ಬೀದೀಲಿ ಯಾರು ಸತ್ತರೂ ಮೊದಲು ಹೇಳಿ ಕಳಿಸ್ತಿದ್ದದ್ದು ಪಾದ್ರಿಗಲ್ಲ, ನಮ್ಮಮ್ಮನಿಗೆ. ಹೆಣ ತೊಳೆಯೋಳು ಅವಳು. ಮಗಳಾದ ನಾನು ಬಿಸಿನೀರು ಹಿಡ್ಕೊಂಡು ಹಿಂದೆ ಹೋಗ್ತಿದ್ದೆ. ಒಳಗೆ ಹೋದವಳು ಮೊದಲು ಏನ್ಮಾಡ್ತಿದ್ಲು ಹೇಳಿ? ಬೀದಿ ಕಡೆ ಕಿಟಕಿ ತೆಗೀತಿದ್ಲು. ಅಂಗಳದ ಕಡೇದಲ್ಲ, ಬೀದಿ ಕಡೇದೇ ಆಗ್ಬೇಕು. ಅಲ್ಲಿಂದ ಚರ್ಚಿನ ಗೋಪುರ ಕಾಣುತ್ತಲ್ಲ, ಹೋಗೋ ಜೀವಕ್ಕೆ ಗುರುತು ಸಿಗಲಿ ಅಂತ. ಆಮೇಲೆ ಕನ್ನಡಿಗೆ ಬಟ್ಟೆ ಹಾಕೋದು, ಮೈ ತೊಳೆಯೋದು, ಬಾಯಿ ಬಿಟ್ಕೊಳ್ಳದ ಹಾಗೆ ಗದ್ದದ ಕೆಳಗೆ ಕೀರ್ತನೆ ಪುಸ್ತಕ ಇಡೋದು. ಹೆಂಗಸಾದ್ರೆ ಜಡೆ ಹೆಣೆದು ಎಡಗಡೆ ಭುಜದ ಮೇಲೆ ತಂದು ಬಿಡ್ತಿದ್ಲು. ಅದು ಅವಳದೇ ರೀತಿ, ಬೇರೆ ಯಾರೂ ಹಾಗೆ ಮಾಡ್ತಿರಲಿಲ್ಲ. 'ಮಲಗೋಕೆ ಹೋಗೋ ಹುಡುಗಿ ಥರ ಇರಬೇಕು ಕಣೇ' ಅಂತಿದ್ಲು. 'ನಾನು ಸತ್ತಾಗ ಕಿಟಕಿ ತೆಗೆಯೋದು ನಿನ್ನ ಕೆಲಸ. ಮರೆತು ಅಳ್ತಾ ಕೂತ್ಕೊಂಡ್ಯೋ, ಎದ್ದು ಬಂದು ಕೆನ್ನೆಗೆ ಬಾರಿಸ್ತೀನಿ.'

"ಅವಳಿದ್ದದ್ದು ಆ ಸಾಲಿನ ಮನೇಲಿ, ಮೊದಲನೇ ಮಹಡಿ. ನಾನು ಲೋಟರ್‌ನ ಮದುವೆ ಆಗಿ ಎದುರು ಸಾಲಿಗೆ ಬಂದೆ. ನಡುವೆ ಇದ್ದದ್ದು ಈ ಬೀದಿ ಒಂದೇ. ಅಲ್ಲಿಂದ ಅಮ್ಮ ಸೀನಿದ್ರೆ ಇಲ್ಲಿಂದ ನಾನು ದೇವರು ಕಾಪಾಡಲಿ ಅಂತಿದ್ದೆ. ಆದ್ರೆ ಅವಳ ಮನೆ ಪೂರ್ವದ್ದು, ಮನೆ ಮುಂದಿನ ಫುಟ್‌ಪಾತ್ ಪಶ್ಚಿಮದ್ದು. ಬಾಗಿಲು ದಾಟಿದ್ರೆ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಕಾಲಿಟ್ಟ ಹಾಗೆ. ಅಮ್ಮನಿಗೆ ಅದೆಲ್ಲ ಏನು? ಅವಳಿಗೆ ಅದು ಬ್ರೆಡ್ಡು ತರೋ ದಾರಿ.

"ಅರವತ್ತೊಂದರ ಆಗಸ್ಟು. ಭಾನುವಾರ ಎದ್ದು ನೋಡಿದ್ರೆ ಊರಿನ ನಡುವೆ ಮುಳ್ಳು ತಂತಿ. ಯಾರೂ ಈ ಕಡೆ ದಾಟದ ಹಾಗೆ ಪೂರ್ವದವರು ಆ ಸಾಲಿನ ಬಾಗಿಲುಗಳಿಗೆಲ್ಲ ಮೊಳೆ ಹೊಡೆದ್ರು, ಆಮೇಲೆ ಕೆಳಗಿನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿದ್ರು. ಮೇಲಿದ್ದವರು ಕಿಟಕಿಯಿಂದ ಹಾರೋಕೆ ಶುರು ಮಾಡಿದ್ರು. ನಮ್ಮ ಫೈರ್ ಇಂಜಿನ್ನಿನವರು ಕೆಳಗೆ ದೊಡ್ಡ ಬಟ್ಟೆ ಹಿಡಿದು ನಿಲ್ಲೋರು. ಕೆಲವರು ಬಟ್ಟೆಗೆ ಬಿದ್ರು, ಕೆಲವರು ಕಲ್ಲಿಗೆ ಬಿದ್ರು... ಅದನ್ನ ಬಿಡಿ. ಅಮ್ಮನ ಕಿಟಕಿ ಎತ್ತರದ್ದಲ್ಲ. ಲೋಟರ್ ಕೆಳಗೆ ನಿಂತು ಎರಡೂ ತೋಳು ಚಾಚಿ, 'ಇಳೀರಿ ಅತ್ತೆ, ಹಿಡ್ಕೋತೀನಿ!' ಅಂತ ಕೂಗಿದ.

"'ನನ್ನ ತೂಕ ಗೊತ್ತೇನೋ ನಿಂಗೆ? ನಿನ್ನ ಮೇಲೆ ಬಿದ್ದು ನನ್ನ ಮಗಳನ್ನ ವಿಧವೆ ಮಾಡ್ಲಾ?'

"ಬೀದಿಗೆ ಬೀದೀನೇ ನಕ್ಕಿತು. ಆದ್ರೆ ಕಾರಣ ಅದಲ್ಲ. ಮೇಲಿನ ಮಹಡೀಲಿ ಪೋಲ್ ಅಂತ ಒಬ್ಬ ಮುದುಕ ಹಾಸಿಗೆ ಹಿಡಿದಿದ್ದ, ಇವತ್ತೋ ನಾಳೆಯೋ ಅನ್ನೋ ಹಾಗೆ. ಅವನಿಗೆ ಯಾರೂ ಇಲ್ಲ. 'ನಿನ್ನ ಕಣ್ಣು ನಾನೇ ಮುಚ್ಚಿಸ್ತೀನಿ' ಅಂತ ಅಮ್ಮ ಮಾತು ಕೊಟ್ಟಿದ್ಲು. ನಾನು ದಿನಾ ಕೆಳಗೆ ನಿಂತು ಜಗಳ ಆಡ್ತಿದ್ದೆ. 'ಅಮ್ಮಾ, ಇವತ್ತಾದ್ರೂ ಬಾ.' 'ಅವನು ಹೋಗಲಿ ಕಣೇ, ಮಾರನೇ ದಿನ ಬಂದುಬಿಡ್ತೀನಿ, ಹಾಸಿಗೆ ಹಾಸಿಡು.' ಹಗ್ಗ ಕಟ್ಟಿ ಬುಟ್ಟಿ ಇಳಿಸೋಳು. ನಾನು ಕಾಫಿಪುಡಿ ಇಟ್ಟು ಕಳಿಸಿದ್ರೆ, ಅವಳು ಲೋಟರ್‌ನ ತೂತು ಕಾಲುಚೀಲ ಹೊಲಿದು ವಾಪಸ್ ಇಳಿಸೋಳು. ಕಾಲುಚೀಲದೊಳಗೆ ಇಟ್ಟು ಹೊಲೀತೀವಲ್ಲ, ಮರದ ಗುಂಡು... ಕೆಂಪು ಬಣ್ಣದ್ದೊಂದು ಅವಳ ಹತ್ರ ಇತ್ತು. ಯಾವಾಗಲೂ ಏಪ್ರನ್ನಿನ ಜೇಬಲ್ಲೇ ಇರ್ತಿತ್ತು.

"ಸೆಪ್ಟೆಂಬರ್ ಒಂದು ದಿನ ಮೇಲಿನ ಮಹಡಿ ಕಿಟಕಿ ತೆರೀತು. ಪೋಲ್ ಮುದುಕ ಹೋಗಿದ್ದ. ಅಮ್ಮ ಅದೇ ಕಿಟಕಿಯಿಂದ ಬಗ್ಗಿ, 'ಇವತ್ತು ಇವನನ್ನ ತೊಳೀಬೇಕು. ನಾಳೆ ಬೆಳಿಗ್ಗೆ ಬರ್ತೀನಿ. ಲೋಟರ್‌ಗೆ ಹೊಟ್ಟೆ ತುಂಬ ತಿಂದು ಬರೋಕೆ ಹೇಳು!' ಅಂದ್ಲು. ನಾನು ಹಾಸಿಗೆ ಹಾಸಿದೆ. ಹೊಸ ದಿಂಬಿನ ಚೀಲ ಹಾಕಿದೆ.

"ಬೆಳಿಗ್ಗೆ ನಾವು ಹೋಗೋದ್ರೊಳಗೆ ಗಾರೆಯವರು ಬಂದಿದ್ರು. ಹಿಂದೆ ಬಂದೂಕು ಹಿಡಿದವರು. ಮೊದಲನೇ ಮಹಡಿ ಕಿಟಕಿಗಳಿಗೆ ಇಟ್ಟಿಗೆ. ಅರ್ಧ ಆಗಿತ್ತು. ಮೇಲಿನ ಅರ್ಧದಲ್ಲಿ ಅಮ್ಮನ ಮುಖ. ಅವಳೇನು ಅಳ್ತಿದ್ಲಾ? ಗಾರೆಯವನನ್ನ ಬೈತಿದ್ಲು! 'ಆ ಮೂಲೆ ಸೊಟ್ಟಗಿದೆ. ನಿಮ್ಮಪ್ಪ ನಿಂಗೆ ಇದೇನಾ ಕಲಿಸಿದ್ದು? ಕಟ್ಟೋದೇ ಆದ್ರೆ ನೆಟ್ಟಗೆ ಕಟ್ಟು.' ಆ ಗಾರೆಯವನು ತಲೆ ಎತ್ತಲಿಲ್ಲ. ಕಣ್ಣೀರು ಸುರಿಸ್ತಾ ಕಟ್ತಿದ್ದ ಅಂತ ಲೋಟರ್ ಕೊನೇವರೆಗೂ ಹೇಳ್ತಿದ್ದ, ನನಗೆ ಕಾಣಲಿಲ್ಲ. ನನಗೆ ಅಮ್ಮ ಒಬ್ಬಳೇ ಕಾಣ್ತಿದ್ಲು. ಕಡೇ ಸಾಲು ಇಡೋವಾಗ ಆ ಕಿಂಡಿಯಿಂದ ಕೈ ಹೊರಗೆ ಹಾಕಿದ್ಲು. ಕೈಯಲ್ಲಿ ಆ ಕೆಂಪು ಗುಂಡು. 'ಓಟೀ! ಸಂಜೆ ಆರಕ್ಕೆ ಗಂಟೆ ಹೊಡೆದಾಗ ಇದರಲ್ಲಿ ತಟ್ತೀನಿ. ತಟ್ಟಿದ್ರೆ ಇದ್ದೀನಿ ಅಂತ ತಿಳ್ಕೋ!' ಅಂದ್ಲು.

"ಆಮೇಲೆ ಇಟ್ಟಿಗೆ."

ಬೇಕರಿಯ ಹೆಂಗಸು ಓಟೀಲಿಯಮ್ಮನ ಕಪ್ಪಿಗೆ ಕಾಫಿ ಹಾಕಿದಳು. ಅದನ್ನು ಅವರು ಮುಟ್ಟಲಿಲ್ಲ.

"ಸಂಜೆ ಹೋಗಿ ಕೆಳಗೆ ನಿಂತೆ. ಗಂಟೆ ಶುರುವಾಯ್ತು. ತಟ್ಟಿದ್ಲು... ಟೊಕ್, ಟೊಕ್, ಟೊಕ್. ಮರದ ಗುಂಡು ಇಟ್ಟಿಗೆಗೆ ಬಡಿದ್ರೆ ಒಂಥರಾ ಉರುಟು ಸದ್ದು, ಬೇರೆ ಯಾವುದೂ ಹಾಗೆ ಕೇಳಲ್ಲ. ನಾನು ಕೊಡೆಯ ಹಿಡಿಯಿಂದ ಕೆಳಗಿನ ಗೋಡೆಗೆ ವಾಪಸ್ ತಟ್ಟಿದೆ. ಹಾಗೆ ದಿನಾ. ಮಳೆ, ಚಳಿ, ಏನೇ ಇರಲಿ.

"ಅಷ್ಟರಲ್ಲಿ ಇನ್ನೊಂದು ಶುರುವಾಯ್ತು. ಆ ಕಡೆಯವರು ಲೌಡ್‌ಸ್ಪೀಕರ್ ತಂದ್ರು, ಈ ಕಡೆಯವರೂ ವ್ಯಾನಿನ ಮೇಲೆ ಲೌಡ್‌ಸ್ಪೀಕರ್ ತಂದ್ರು. ಆ ಕಡೆಯಿಂದ 'ಶಾಂತಿ' ಅಂತ ಕಿರುಚೋರು, ಈ ಕಡೆಯಿಂದ 'ಸ್ವಾತಂತ್ರ್ಯ' ಅಂತ ಕಿರುಚೋರು. ಎರಡೂ ಒಳ್ಳೆ ಮಾತೇ, ಅಲ್ವಾ? ಇಬ್ಬರೂ ಸೇರಿ ನಮ್ಮಮ್ಮನ ತಟ್ಟು ಕೇಳದ ಹಾಗೆ ಮಾಡಿದ್ರು. ನಮ್ಮ ವ್ಯಾನಿನವನ ಹತ್ರ ಹೋಗಿ ಕೈ ಮುಗಿದೆ. 'ಅಪ್ಪಾ, ಗಂಟೆ ಹೊಡೆಯೋ ಹೊತ್ತಿಗೆ ಒಂದು ಗಳಿಗೆ ನಿಲ್ಸು.' ಅವನು ಒಳ್ಳೆಯವನೇ. 'ಅಮ್ಮಾ, ನಾವು ನಿಲ್ಲಿಸಿದ್ರೆ ಅವರು ಗೆದ್ದ ಹಾಗೆ' ಅಂದ. ಅವತ್ತಿಂದ ಗೋಡೆಗೇ ಕಿವಿ ಒತ್ತಿ ಕೇಳ್ತಿದ್ದೆ. ಇಟ್ಟಿಗೆಯ ಚಳಿ ನನ್ನ ಈ ಕಿವೀಲಿ ಇನ್ನೂ ಇದೆ."

ಎಗೋನ್ ತಲೆ ತಗ್ಗಿಸಿಕೊಂಡಿದ್ದ. "ನಮ್ಮ ಕಡೆ ನಮಗೂ ಕಿವಿ ಕಿತ್ತುಹೋಗಿತ್ತು ಅಕ್ಕಾ," ಎಂದ. ಅವನು ಅವರನ್ನು ಅಕ್ಕ ಎಂದದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

"ಆ ಸಾಲಿನವರನ್ನೆಲ್ಲ ಲಾರಿಗೆ ತುಂಬಿಸಿ ಎಲ್ಲೆಲ್ಲಿಗೋ ಸಾಗಿಸಿದ್ರು ಅಂತ ಜನ ಮಾತಾಡ್ಕೊಂಡ್ರು. ನಾನು ನಂಬಲಿಲ್ಲ. ಬೇರೆಯವರನ್ನ ಸಾಗಿಸಿರಬಹುದು, ನಮ್ಮಮ್ಮನ್ನ ಅಲ್ಲ. ಅವಳು ಸಂಜೆ ತಟ್ತಾಳಲ್ಲ! ಎಲ್ಲೋ ಅಟ್ಟದಲ್ಲಿ ಅಡಗಿದ್ದಾಳೆ, ಗಂಟೆ ಹೊತ್ತಿಗೆ ಇಳಿದು ಬರ್ತಾಳೆ ಅಂದ್ಕೊಂಡೆ. ಅಕ್ಟೋಬರ್ ಹೋಯ್ತು, ನವೆಂಬರ್ ಬಂತು. ಮಡಿದವರ ಭಾನುವಾರ ಬಂತು. ಇದೇ ಚರ್ಚು, ಇದೇ ಮಳೆ. ಪಾದ್ರಿ ಹೆಸರು ಓದ್ತಾ ಓದ್ತಾ... 'ಔಗುಸ್ಟೆ ಕ್ರಾನ್' ಅಂದ್ರು.

"ನಾನು ಎದ್ದು ನಿಂತೆ. ಚರ್ಚು ಅನ್ನೋದನ್ನೂ ನೋಡದೆ ಕೂಗಿದೆ. 'ಸುಳ್ಳು! ನಿನ್ನೆ ಸಂಜೆ ತಟ್ಟಿದ್ದಾಳೆ!' ಲೋಟರ್ ನನ್ನ ತೋಳು ಹಿಡಿದು ಕೂರಿಸಿದ. ಯಾರೋ ಬತ್ತಿ ಹಚ್ಚಿದ್ರು.

"ಪಾದ್ರಿದೇನೂ ತಪ್ಪಿಲ್ಲ. ನನಗೆ ಮೊದಲೇ ಗೊತ್ತು ಅಂದ್ಕೊಂಡಿದ್ರು. ಆಗ ನಾವು ಪಶ್ಚಿಮ ಬರ್ಲಿನ್ನಿನವರು ಆ ಕಡೆ ಹೋಗೋ ಹಾಗಿರಲಿಲ್ಲ, ಹೊರಗಿನೂರಿನವರು ಹೋಗಬಹುದಿತ್ತು. ಹನೋವರ್ ಊರಿನ ಒಬ್ಬ ಸೇವಾ ಸಿಸ್ಟರ್ ಹೋಗಿಬಂದು ಸುದ್ದಿ ತಂದಿದ್ರು. ಅವರನ್ನ ಒಳಕೋಣೇಲಿ ಕೂರಿಸಿ ಕೇಳಿದೆ. ಕಿಟಕಿ ಮುಚ್ಚಿದ ವಾರದಲ್ಲೇ ಅಮ್ಮನಿಗೆ ಎದೆನೋವು ಬಂತಂತೆ. ಪಕ್ಕದ ಮನೆ ಮಿನ್ನಾ ಅಮ್ಮನ ಹತ್ರ ಕೂತಿದ್ಲಂತೆ, ಸಿಸ್ಟರಿಗೆ ಇದನ್ನ ಹೇಳಿದ್ದೂ ಅವಳೇ. ಬೆಳಗಿನ ಜಾವ ಜೀವ ಹೋಯ್ತು. ಮಿನ್ನಾ, ಪಾಪ, ಎಲ್ಲಾ ಅಮ್ಮನ ಹಾಗೇ ಮಾಡಬೇಕು ಅಂತ ಎದ್ದು ಬೀದಿ ಕಡೆ ಕಿಟಕಿ ತೆಗೆದ್ಲು. ಎಷ್ಟು ವರ್ಷದ ಅಭ್ಯಾಸ! ಎರಡು ರೆಕ್ಕೆನೂ ಅಗಲವಾಗಿ ತೆಗೆದ್ಲು... ಎದುರಿಗೆ ಇಟ್ಟಿಗೆ. ಗಾರೆ ಇನ್ನೂ ಹಸಿ ಇತ್ತಂತೆ. ಅಂಗಳದ ಕಿಟಕಿ ಅವಳಿಗೆ ಹೊಳೆಯೋ ಅಷ್ಟರಲ್ಲಿ ಬಾಗಿಲು ಬಡಿದ್ರು. ಲಾರಿ ಬಂದಿತ್ತು. ಹೆಣ ಒಂದು ಕಡೆ, ಮಿನ್ನಾ ಒಂದು ಕಡೆ. ಆ ಕಿಟಕಿ ಹಾಗೇ ಉಳೀತು, ಗೋಡೆಗೆ ತೆರ್ಕೊಂಡು.

"ಈಗ ನೀವೇ ಹೇಳಿ... ಎರಡು ತಿಂಗಳಿಂದ ನಾನು ಯಾರಿಗೆ ಉತ್ತರ ತಟ್ತಿದ್ದೆ?"

ಎಗೋನನ ಪೈಪು ಆರಿಹೋಗಿತ್ತು.

"ಹೆದರಿಕೆ ಆಯ್ತಾ ಅಂತ ಕೇಳ್ತೀರಿ. ಅಮ್ಮನಿಗೆ ಯಾರಾದ್ರೂ ಹೆದರ್ತಾರಾ? ನನಗಾದದ್ದು ಬೇರೆ. ಅವಳು ಹೊರಟು ಕಿಟಕಿಗೂ ಇಟ್ಟಿಗೆಗೂ ನಡುವೆ ಸಿಕ್ಕಿಕೊಂಡಿದ್ದಾಳೆ. ಕಿಟಕಿ ತೆಗೆಯೋದು ನನ್ನ ಕೆಲಸ, ನಾನು ಬೀದಿಯ ಈ ಕಡೆ. ಒಂದೇ ಒಂದು ಇಟ್ಟಿಗೆ ತೆಗೆದ್ರೆ ಸಾಕು, ಜೀವಕ್ಕೆ ಎಷ್ಟು ಜಾಗ ಬೇಕು ಮಹಾ? ಲೋಟರ್ ಹಾಡುಹಗಲೇ ಏಣಿ ಹಾಕಿ ಉಳಿ ಸುತ್ತಿಗೆ ತಗೊಂಡು ಹತ್ತಿದ. ನಾಲ್ಕು ಮೆಟ್ಟಿಲು ಹತ್ತಿರಲಿಲ್ಲ, ನಮ್ಮ ಪೊಲೀಸರೇ ಓಡಿಬಂದು ಕಾಲು ಹಿಡಿದ್ರು. 'ಇಳಿಯಯ್ಯಾ! ಒಂದು ಇಟ್ಟಿಗೆಗೋಸ್ಕರ ಮೂರನೇ ಮಹಾಯುದ್ಧ ಮಾಡಿಸ್ತೀಯಾ?' ಲೋಟರ್, 'ನೀವು ಲಕ್ಷ ಇಟ್ಟಿಗೆ ಕಟ್ಟೋದನ್ನ ನೋಡ್ತಾ ನಿಂತಿದ್ರಲ್ಲ, ಒಂದು ಕೀಳೋದನ್ನೂ ನೋಡಿ' ಅಂದ. ಪೊಲೀಸಿನವನು ನಕ್ಕ, ಏಣಿ ಮಾತ್ರ ಹೊತ್ತುಕೊಂಡು ಹೋದ.

"ಅಷ್ಟರಲ್ಲಿ ಪತ್ರಿಕೆಯವರಿಗೆ ಸುದ್ದಿ ಸಿಕ್ತು. ಗೋಡೆಯೊಳಗೆ ಯಾರನ್ನೋ ಜೀವಂತ ಸಮಾಧಿ ಮಾಡಿದ್ದಾರೆ ಅಂತ ಬರೆದ್ರು. ಕಿಟಕಿ ಕೆಳಗೆ ಹೂವಿನ ಚಕ್ರ ತಂದಿಟ್ರು, ಫೋಟೋ ತೆಗೆದ್ರು. ಆ ಕಡೆ ಲೌಡ್‌ಸ್ಪೀಕರಿನಲ್ಲಿ ಇದೆಲ್ಲ ಪಶ್ಚಿಮದವರ ಕುತಂತ್ರ ಅಂದ್ರು. ಇಬ್ಬರಿಗೂ ನಮ್ಮಮ್ಮ ಬೇಕಾದ್ಲು. ಇಟ್ಟಿಗೆ ತೆಗೆಯೋಕೆ ಮಾತ್ರ ಯಾರಿಗೂ ಬೇಡ.

"ಕಡೆಗೆ ಕಾವಲಿನವನನ್ನೇ ಕೇಳಿದೆ. ಆ ಮನೆ ಮಾಳಿಗೆ ಮೇಲೆ ಒಬ್ಬ ಇರ್ತಿದ್ದ, ನಡುವಯಸ್ಸಿನ ಮನುಷ್ಯ. ಮಾತಾಡಬಾರದು ಅಂತ ಅವರಿಗೆ ಹುಕುಂ. ಕೆಳಗಿಂದ ಕೂಗಿ ಎಲ್ಲಾ ಹೇಳಿದೆ. ಅವನು ಆಕಾಶ ನೋಡ್ತಾ ನಿಂತಿದ್ದ. ಮಾರನೇ ಸಂಜೆ ಗಂಟೆ ಹೊಡೀತು, ಅಮ್ಮ ತಟ್ಟಿದ್ಲು. ಮೇಲೆ ನೋಡಿದೆ. ಅವನು ಟೋಪಿ ತೆಗೆದು ಎದೆಗೆ ಹಿಡಿದಿದ್ದ.

"'ಈ ಮನೇಲಿ ಯಾರೂ ಇಲ್ಲಮ್ಮ,' ಅಂದ. 'ನಾನೇ ಹುಡುಕಿದೀನಿ.'

"'ಯಾರೂ ಇಲ್ಲದೇ ಇದ್ರೆ ಟೋಪಿ ಯಾಕೆ ತೆಗೆದೆ?'

"ಅವನು ಸುತ್ತಮುತ್ತ ನೋಡಿದ. 'ನನಗೂ ಅಮ್ಮ ಇದ್ಲು. ಆ ಕಿಟಕಿ ತೆರೆದೇ ಇದೆ, ನಾನು ಮುಚ್ಚಲಿಲ್ಲ. ಅಂಗಳದ ಕಡೇದಕ್ಕೆ ಹಲಗೆ ಹೊಡೆದುಬಿಟ್ಟಿದ್ದಾರೆ. ಇಟ್ಟಿಗೆ ಮುಟ್ಟಿದ್ರೆ ನನ್ನನ್ನ ಉಳಿಸಲ್ಲ.' ಅಷ್ಟೇ. ಮಾರನೇ ದಿನ ಅಲ್ಲಿ ಬೇರೆಯವನು ನಿಂತಿದ್ದ. ಅವನೇನಾದ ಅಂತ ಗೊತ್ತಿಲ್ಲ. ಅವನಿಗೂ ದಿನಾ ಪ್ರಾರ್ಥನೆ ಮಾಡ್ತೀನಿ.

"ಕೆಲವು ವರ್ಷ ಕಳೆದ ಮೇಲೆ ಆ ಮನೆಗಳನ್ನ ಕೆಡವೋಕೆ ಬಂದ್ರು, ದಾಟಿ ಓಡೋರಿಗೆ ಗುರಿ ಇಡೋಕೆ ಅಡ್ಡ ಆಗುತ್ತೆ ಅಂತ. ಬೀದಿಯವರೆಲ್ಲ ಅಳ್ತಿದ್ರು. ನಾನೊಬ್ಬಳೇ ಕೈ ಮುಗಿದು, 'ದೇವರೇ, ಬೇಗ ಕೆಡವಿಸಪ್ಪಾ' ಅಂತಿದ್ದೆ. ಅಮ್ಮನ ಕಿಟಕಿ ಇದ್ದ ಗೋಡೆ ನನ್ನ ಕಣ್ಣೆದುರೇ ಬಿತ್ತು. ಧೂಳು ಎದ್ದು ಗೋಪುರದ ಕಡೆ ಹೋಯ್ತು. ಹೋದ್ಲು, ಅಂತೂ ಹೋದ್ಲು ಅಂದ್ಕೊಂಡೆ. ಅವತ್ತು ಸಂಜೆ ಗಂಟೆ ಹೊಡೆದಾಗ ಆ ಕಡೆಯಿಂದ ಸದ್ದಿಲ್ಲ. ಮನೆಗೆ ಬಂದೆ. ನೀರು ಕಾಯೋಕೆ ಇಟ್ಟೆ. ಲೋಟರ್ ಇನ್ನೂ ಕೆಲಸದಿಂದ ಬಂದಿರಲಿಲ್ಲ...

"ನನ್ನ ಕಿಟಕಿ ಗಾಜಿಗೆ ತಟ್ಟಿದ ಹಾಗಾಯ್ತು. ಹೊರಗಡೆಯಿಂದ. ನಮ್ಮದೂ ಮೊದಲನೇ ಮಹಡಿ, ಅಲ್ಲಿ ಯಾರು ನಿಲ್ತಾರೆ? ಗಾಜಿಗೆ ಬಡಿದ್ರೂ ಗೊತ್ತಾಗದೆ ಇರುತ್ತಾ, ಆ ಮರದ ಗುಂಡಿನ ಸದ್ದು? ತೆಗೆದೆ. ಯಾರೂ ಇರಲಿಲ್ಲ. ಗಾಳಿ ಬೀಸ್ತಿತ್ತು, ಆದ್ರೆ ಪರದೆ ಅಲುಗಲಿಲ್ಲ.

"ಅವತ್ತಿಂದ ದಿನಾ. ನಾನು ತೆಗೀತೀನಿ, ಅವಳು ಒಳಗೂ ಬರಲ್ಲ, ಗೋಪುರದ ಕಡೆಗೂ ಹೋಗಲ್ಲ. ಈ ಹೈನೋ ಗಂಟೆ ಬಾರಿಸ್ತಾನೆ, ಇವನಿಗೇನು ಗೊತ್ತು? ಹಗ್ಗ ಎಳೆಯೋನಿಗೆ ತನ್ನ ಗಂಟೆ ಬಿಟ್ರೆ ಬೇರೆ ಏನೂ ಕೇಳಲ್ಲ. ಎಂಬತ್ತೊಂಬತ್ತರಲ್ಲಿ ಜನ ಗೋಡೆ ಹತ್ತಿ ಕುಣಿದ್ರಲ್ಲ, ಅವತ್ತೂ ನಾನು ಆರಕ್ಕೆ ಮನೆಗೆ ಓಡಿದೆ. ಇವತ್ತು ತಟ್ಟಲ್ಲ, ಇವತ್ತು ಖಂಡಿತ ಹೋಗಿರ್ತಾಳೆ ಅಂದ್ಕೊಂಡು. ತಟ್ಟಿದ್ಲು. ಆಗ ನನಗೆ ತಿಳೀತು. ಅವಳು ಕಾಯ್ತಿರೋದು ಗೋಡೆ ಬೀಳೋದಕ್ಕಲ್ಲ."

"ಮತ್ತೆ ಯಾತಕ್ಕೆ?" ಎಂದು ಬೇಕರಿಯ ಹೆಂಗಸು ಪಿಸುಗುಟ್ಟಿದಳು.

"ತನಗೆ ಯಾರೂ ಅಲ್ಲದ ಪೋಲ್ ಮುದುಕನಿಗೋಸ್ಕರ ಹಾರದೆ ಕೂತವಳು ಅವಳು. ಕೆಲಸ ಬಾಕಿ ಬಿಟ್ಟು ಹೋಗೋ ಹೆಂಗಸಲ್ಲ. ಈ ಬೀದೀಲಿ ಅವಳು ತೊಳೀಬೇಕಾದವರು ಇನ್ನೂ ಒಬ್ಬರು ಇದ್ದಾರೆ..." ಓಟೀಲಿಯಮ್ಮ ಗೋಡೆಯ ಗಡಿಯಾರ ನೋಡಿದರು. "ಹೈನೋ, ಆರಾಗ್ತಾ ಬಂತು. ಏಳು, ಹೋಗಿ ಗಂಟೆ ಬಾರಿಸು. ಇವತ್ತು ನಾನು ಮನೇಲಿಲ್ಲ. ಅವಳು ಎಲ್ಲಿಗೆ ಬರ್ತಾಳೆ ಅಂತ ನನಗೂ ಗೊತ್ತಿಲ್ಲ."

ನಾನು ಗೋಪುರಕ್ಕೆ ಹೋಗಿ ಹಗ್ಗ ಹಿಡಿದೆ. ಆಗ ಆ ಕೋಣೆಯಲ್ಲಿ ಏನಾಯಿತೆಂದು ನಾನು ನೋಡಲಿಲ್ಲ, ನೋಡಿದವರು ಹೇಳಿಲ್ಲ. ಬಾರಿಸಿ ಮುಗಿಸಿ ಬಂದಾಗ ಎಗೋನ್ ಕಿಟಕಿಯ ಬಳಿ ನಿಂತಿದ್ದ. ಎರಡೂ ರೆಕ್ಕೆಗಳನ್ನು ಅವನೇ ತೆರೆದಿದ್ದ. ಮಳೆ ಅವನ ಮುಖಕ್ಕೆ ಹೊಡೆಯುತ್ತಿತ್ತು, ಅವನು ಅದನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ.

ಈ ವರ್ಷ ಬೇಸಿಗೆ ಕಳೆದ ಮೇಲೆ ಓಟೀಲಿಯಮ್ಮನ ಕೈಗಳು ಭುಜದ ಮಟ್ಟಕ್ಕಿಂತ ಮೇಲೆ ಏಳದಾದವು. ತಲೆ ಬಾಚಲೂ ಆಗುತ್ತಿರಲಿಲ್ಲ. ಹಳೆಯ ಕಾಲದ ಜೋಡಿ ಕಿಟಕಿಯ ಮೇಲಿನ ಚಿಲಕ ಅವರಿಗೆ ಎಟುಕುತ್ತಿರಲಿಲ್ಲ. ಗಂಟೆ ಬಾರಿಸಿ ಮುಗಿಸಿದೊಡನೆ ನಾನೇ ಹೋಗಿ ತೆರೆಯುತ್ತಿದ್ದೆ. ಇಬ್ಬರೂ ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದೆವು. ಆಮೇಲೆ ಮುಚ್ಚಿ, ಚಿಲಕ ಬಿಗಿದು ಬರುತ್ತಿದ್ದೆ. ಅವರು ಊರುಗೋಲು ಊರಿಕೊಂಡು ಬಂದು ನನ್ನ ಹಿಂದೆ ಬಾಗಿಲಿನ ಸರಪಳಿ ಹಾಕಿಕೊಳ್ಳುತ್ತಿದ್ದರು. ಆ ಮಂಗಳವಾರವೂ ಹಾಗೆಯೇ ಮಾಡಿದೆ. ಹೊರಡುವಾಗ ನನ್ನ ಕೆನ್ನೆ ಮುಟ್ಟಿ, "ನಿನ್ನ ಕೈ ತಣ್ಣಗಿದೆಯೋ, ಗ್ಲೌಸ್ ಹಾಕ್ಕೋ," ಎಂದರು. ಸರಪಳಿಯ ಸದ್ದು ಕೇಳಿದ ಮೇಲೆಯೇ ಮೆಟ್ಟಿಲಿಳಿದೆ.

ಬುಧವಾರ ಬೆಳಿಗ್ಗೆ ಒಳಗೆ ಕಂಡದ್ದು ಇಷ್ಟು. ಎತ್ತರದ ಚಿಲಕ ತೆಗೆದಿತ್ತು. ಕಿಟಕಿ ಅಗಲವಾಗಿ ತೆರೆದಿತ್ತು. ಕನ್ನಡಿಯ ಮೇಲೆ ಬಟ್ಟೆ. ಓಟೀಲಿಯಮ್ಮ ಕಣ್ಣು ಮುಚ್ಚಿ, ಕೈ ಜೋಡಿಸಿ ನೆಟ್ಟಗೆ ಮಲಗಿದ್ದರು. ಗದ್ದದ ಕೆಳಗೆ ಕೀರ್ತನೆ ಪುಸ್ತಕವಿತ್ತು. ಎಷ್ಟೋ ದಿನದಿಂದ ಸಿಕ್ಕುಗಟ್ಟಿದ್ದ ಅವರ ಬಿಳಿಯ ಕೂದಲನ್ನು ಬಾಚಿ, ಜಡೆ ಹೆಣೆದು, ಎಡ ಭುಜದ ಮೇಲೆ ತಂದು ಬಿಟ್ಟಿತ್ತು. ಮಲಗಲು ಹೋಗುವ ಹುಡುಗಿಯ ಹಾಗೆ.

ಕಿಟಕಿಯ ಕಟ್ಟೆಯ ಮೇಲೆ, ಮಳೆಯಲ್ಲಿ ನೆನೆಯುತ್ತ, ಮರದ ಒಂದು ಗುಂಡು ಇತ್ತು. ಕೆಂಪು ಬಣ್ಣ ಹೆಚ್ಚುಕಡಿಮೆ ಸವೆದುಹೋಗಿತ್ತು. ಒಂದು ಪಕ್ಕ ತಟ್ಟಿ ತಟ್ಟಿ ಚಪ್ಪಟೆಯಾಗಿತ್ತು, ಅಲ್ಲಿ ಮರದ ಸೀಳುಗಳಲ್ಲಿ ಇಟ್ಟಿಗೆಯ ಪುಡಿ ಕೂತಿತ್ತು. ಬೀಗದವನಿಗೆ ಅದು ಏನೆಂದು ಗೊತ್ತಿರಲಿಲ್ಲ. ನಾನು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಹೂಳುವ ದಿನ ಯಾರಿಗೂ ಹೇಳದೆ ಓಟೀಲಿಯಮ್ಮನ ಕೈಯೊಳಗೆ ಇಟ್ಟೆ.

ಆ ಬುಧವಾರ ಸಂಜೆ ಗಂಟೆ ಬಾರಿಸಿ ಅವರ ಕೋಣೆಗೆ ಹೋಗಿ ಕತ್ತಲಲ್ಲಿ ಕುಳಿತೆ. ಎಷ್ಟು ಹೊತ್ತು ಕುಳಿತರೂ ಯಾರೂ ತಟ್ಟಲಿಲ್ಲ. ಇಷ್ಟು ವರ್ಷ ನನಗೆ ಒಮ್ಮೆಯೂ ಕೇಳಿಸದ ಆ ಸದ್ದಿಗಾಗಿ ನಾನು ಅತ್ತೆ.

ಈ ಭಾನುವಾರ ಅವರ ಹೆಸರನ್ನು ಓದಿದರು. ಬತ್ತಿಯನ್ನು ನಾನೇ ಹಚ್ಚಿದೆ. ಅದರ ಪಕ್ಕದಲ್ಲಿ ಇನ್ನೊಂದನ್ನು ಹಚ್ಚಿದೆ.

ಕರ್ತನೇ, ಬೀದಿಯ ಆ ಕಡೆಯಿಂದ ಬಂದ ಔಗುಸ್ಟೆಯನ್ನೂ ಈ ಕಡೆಯಿಂದ ಬಂದ ಓಟೀಲಿಯಾಳನ್ನೂ ನಿನ್ನ ಒಂದೇ ಮನೆಯಲ್ಲಿ ಇರಿಸಿಕೋ. ಮಾಳಿಗೆಯ ಮೇಲೆ ಟೋಪಿ ತೆಗೆದವನನ್ನೂ, ಕಣ್ಣೀರಿಡುತ್ತ ಇಟ್ಟಿಗೆ ಕಟ್ಟಿದವನನ್ನೂ ನೆನೆಸಿಕೋ. ಬಹಳ ದಿನ ಕಾದವರು ಇವರು, ದಣಿದಿದ್ದಾರೆ. ಅವರಿಗೆ ವಿಶ್ರಾಂತಿ ಕೊಡು, ನಿನ್ನ ಬೆಳಕು ಅವರ ಮೇಲೆ ಇರಲಿ, ಅವರ ಮುಂದೆ ಯಾವ ಕಿಟಕಿಯೂ ಮುಚ್ಚದಿರಲಿ. ಆಮೆನ್.